‘ಇನ್‌ಫ್ಲ್ಯಾಮಬಲ್’ ಎಂದರೆ ಹೊತ್ತಿಕೊಳ್ಳುವುದೋ, ಹೊತ್ತಿಕೊಳ್ಳದ್ದೋ?

ಮಾನ್ಯರೇ,

ದ್ರವದ ಪೀಪಾಯಿಗಳಿಗೆ ಹಾಕುವ ಎಚ್ಚರಿಕೆಯ ಫಲಕದಲ್ಲಿ ‘ಇನ್‌ಫ್ಲ್ಯಾಮಬಲ್’ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಬೇಕೆಂದು, ತಮಗೆ ಬಂದ ಸಲಹೆಗಳನ್ನೂ ತಿಳಿಸಿ, ಕೇಳಿದ್ದೀರಿ; ಫಲಕ ನಾಳೆಯೇ ಅಚ್ಚಿಗೆ ಹೋಗಬೇಕೆಂದೂ ಬರೆದಿದ್ದೀರಿ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಇನ್‌ಫ್ಲ್ಯಾಮಬಲ್’, ‘ಫ್ಲ್ಯಾಮಬಲ್’ ಎರಡಕ್ಕೂ ಅರ್ಥ ಒಂದೇ: ಬೇಗ ಬೆಂಕಿ ಹೊತ್ತಿಕೊಳ್ಳುವಂಥದ್ದು. ಹೊತ್ತಿಕೊಳ್ಳದ ವಸ್ತುವನ್ನು ಇಂಗ್ಲಿಷಿನಲ್ಲಿ ‘ನಾನ್‌ಫ್ಲ್ಯಾಮಬಲ್’ ಎನ್ನುತ್ತಾರೆ. ತಮ್ಮ ಕರಡಿನಲ್ಲಿರುವ ‘ಹೊತ್ತಿಕೊಳ್ಳದ ದ್ರವ’ ಎಂಬುದನ್ನು ದಯವಿಟ್ಟು ಈಗಲೇ ಹೊಡೆದುಹಾಕಿ. ನಾನು ತಿದ್ದಿದ ಸುರಕ್ಷತಾ ಕೈಪಿಡಿಯೊಂದರಲ್ಲೂ ಇದೇ ತಪ್ಪು ನುಸುಳಿತ್ತು. ಬಣ್ಣಕ್ಕೆ ಬೆರೆಸುವ, ಬೇಗ ಹೊತ್ತಿಕೊಳ್ಳುವ ಥಿನ್ನರ್ ಡಬ್ಬಿಯ ಚಿತ್ರದ ಕೆಳಗೆ ‘ಬೆಂಕಿ ಹತ್ತದು’ ಎಂದು ಅಚ್ಚಾಗುವುದರಲ್ಲಿತ್ತು.

ತಪ್ಪಿನ ಬೇರು ‘ಇನ್’ ಎಂಬ ಉಪಸರ್ಗದಲ್ಲಿದೆ. ಲ್ಯಾಟಿನ್ನಿನಲ್ಲಿ ‘ಇನ್’ಗಳು ಎರಡು. ಒಂದು, ‘ಅಮೂಲ್ಯ’, ‘ಅನಂತ’ಗಳಲ್ಲಿ ಕಾಣುವ ನಿಷೇಧದ ‘ಅ’, ‘ಅನ್’ಗಳ ಬಳಗಕ್ಕೆ ಸೇರಿದ್ದು, ಇನ್ನೊಂದಕ್ಕೆ ‘ಒಳಗೆ’ ಎಂಬ ಅರ್ಥ. ಇಲ್ಲಿರುವುದು ಎರಡನೆಯದು, ‘ಇನ್‌ಫ್ಲಮ್ಮಾರೆ’ ಎಂಬ ಮೂಲ ಕ್ರಿಯಾಪದಕ್ಕೆ ಬೆಂಕಿ ಹಚ್ಚು ಎಂದೇ ಅರ್ಥ. ನಮ್ಮಲ್ಲಿ ಬಳಕೆಯಲ್ಲಿರುವ ‘ವಿ’ ಕೂಡ ‘ವಿಫಲ’ದಲ್ಲಿ ಇಲ್ಲವೆಂದೂ ‘ವಿಖ್ಯಾತ’ದಲ್ಲಿ ಹೆಚ್ಚೆಂದೂ ಹೇಳುವುದನ್ನು ನೆನೆದರೆ ಇದು ವಿಚಿತ್ರವೆನಿಸದು. ಜನ ತಪ್ಪಾಗಿ ಓದಿಯಾರೆಂದು ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು 1920ರ ದಶಕದಲ್ಲಿಯೇ ‘ಇನ್’ ಇಲ್ಲದ ರೂಪವನ್ನು ಬಳಸುವಂತೆ ಒತ್ತಾಯಿಸಿತು. ಫ್ರೆಂಚಿನಲ್ಲಾದರೋ ‘ಇನ್’ ಇರುವ ರೂಪವೇ ಇಂದಿಗೂ ಚಾಲ್ತಿಯಲ್ಲಿದೆ.

ಇನ್ನು ಕನ್ನಡದ ಪದ. ‘ದಹನಶೀಲ’ ಶಾಸ್ತ್ರೀಯವಾದದ್ದು, ಅದನ್ನೇ ಹಾಕಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಸಂಸ್ಕೃತದಲ್ಲಿ ‘ದಹನ’ ಎಂಬುದು ಅಗ್ನಿಯ ಹೆಸರೂ ಹೌದು. ದಾನಶೀಲನು ದಾನ ಕೊಡುವವನಾದರೆ ದಹನಶೀಲವು ಸುಡುವಂಥದ್ದಾಗಬೇಕೇ ಹೊರತು ತಾನು ಹೊತ್ತಿಕೊಳ್ಳುವಂಥದ್ದಲ್ಲ. ವ್ಯಾಕರಣಕ್ಕೆ ಹೊಂದುವ ರೂಪ ‘ದಾಹ್ಯ’. ಆದರೆ ‘ದಾಹ’ ಎಂದರೆ ಬಾಯಾರಿಕೆ ಎಂದೇ ತಿಳಿಯುವ ಓದುಗರ ಮುಂದೆ, ಅದರಲ್ಲೂ ದ್ರವ ತುಂಬಿದ ಪೀಪಾಯಿಯ ಮೇಲೆ, ಆ ಪದವನ್ನು ಬರೆಯುವುದು ಅಪಾಯಕರ.

ಅಚ್ಚಗನ್ನಡವೇ ಬೇಕೆನ್ನುವವರು ಸೂಚಿಸಿದ ‘ಉರಿಯುವ ದ್ರವ’ವೂ ಸಾಲದು. ಗಾಯವೂ ಉರಿಯುತ್ತದೆ, ಕಣ್ಣೂ ಉರಿಯುತ್ತದೆ. ಓದಿದವನು ಚರ್ಮಕ್ಕೆ ತಾಗಿದರೆ ಉರಿ ಎಂದುಕೊಂಡು ಕೈಗವಸು ತೊಟ್ಟಾನು, ಬೀಡಿ ಆರಿಸುವುದಿಲ್ಲ. ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಅದರ ಗೊಂದಲವನ್ನೂ ಎರವಲು ತಂದಂತಾಗುತ್ತದೆ. ಎರವಲಿಗೆ ನಾನು ವಿರೋಧಿಯಲ್ಲ. ಪೆಟ್ರೋಲ್, ಗ್ಯಾಸ್ ನಮ್ಮವೇ ಆಗಿವೆ. ಎಚ್ಚರಿಕೆಯ ಫಲಕದಲ್ಲಿ ಎರಡನೆಯ ಸಲ ಯೋಚಿಸಬೇಕಾದ ಪದ ಯಾವ ಮೂಲದಿಂದ ಬಂದಿದ್ದರೂ ಬೇಡ ಎಂಬುದಷ್ಟೇ ನನ್ನ ವಾದ.

‘ಹೊತ್ತಿಕೊಳ್ಳುವ’, ‘ಹೊತ್ತಿಕೊಳ್ಳದ’ ಎಂಬ ಕೃದಂತಗಳು ಕೊನೆಯಲ್ಲಿ ಮಾತ್ರ ಬೇರೆಯಾಗುವುದರಿಂದ, ಮಸುಕಾದ ಫಲಕವನ್ನು ದೂರದಿಂದ ಓದುವವನಿಗೆ ಒಂದು ಇನ್ನೊಂದರಂತೆ ಕಾಣಬಹುದು. ಪೂರ್ಣ ಕ್ರಿಯಾಪದ ಬಳಸಿದರೆ ಆ ತೊಂದರೆಯಿಲ್ಲ: ‘ಹೊತ್ತಿಕೊಳ್ಳುತ್ತದೆ’ ಎಂಬುದನ್ನು ಯಾರೂ ‘ಹೊತ್ತಿಕೊಳ್ಳುವುದಿಲ್ಲ’ ಎಂದು ಓದುವುದಿಲ್ಲ. ಆದ್ದರಿಂದ ಕೆಂಪು ವಜ್ರಾಕೃತಿಯೊಳಗಿನ ಜ್ವಾಲೆಯ ಚಿಹ್ನೆಯನ್ನು ಹಾಗೆಯೇ ಉಳಿಸಿ, ಕೆಳಗೆ ಹೀಗೆ ಬರೆಸಿ: ‘ಎಚ್ಚರಿಕೆ! ಈ ದ್ರವಕ್ಕೆ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ. ಕಿಡಿಯೂ ಸೋಕಬಾರದು.’