ಡೌನ್ ಸಿಂಡ್ರೋಮ್ ಇದ್ದವರ ವಯಸ್ಸು ಅಂದಾಜು: 35, 45ನೇ ಹಲ್ಲು ಹುಟ್ಟಿಲ್ಲ, ಬುದ್ಧಿಹಲ್ಲಿಲ್ಲ, ಮಣಿಕಟ್ಟು ಕೂಡಿದೆ. ವರದಿಯಲ್ಲಿ ಏನು ಬರೆಯುವುದು?

ದಂತಪಂಕ್ತಿ ಕೇಳಿದ್ದು:

ಮಕ್ಕಳ ಕಲ್ಯಾಣ ಸಮಿತಿಯಿಂದ ವಯಸ್ಸು ಪರೀಕ್ಷೆಗೆ ಬರುವವರಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಇರುತ್ತಾರೆ. ಕಾಗದಪತ್ರ ಇರುವುದಿಲ್ಲ, ಮಗುವಿಗೆ ತನ್ನ ವಯಸ್ಸು ಹೇಳಲು ಬರುವುದಿಲ್ಲ. ಸಮಿತಿಗೆ ಬೇಕಾದದ್ದು ಒಂದೇ ಸಾಲು: 18 ತುಂಬಿದೆಯೋ ಇಲ್ಲವೋ.

ಚರ್ಚೆಗೆ ಒಂದು ಮಾದರಿ ಇಟ್ಟುಕೊಳ್ಳೋಣ. ಹುಡುಗ, ಎತ್ತರ 143 ಸೆಂ.ಮೀ. ಒಪಿಜಿಯಲ್ಲಿ (ಇಡೀ ದವಡೆಯ ಎಕ್ಸ್‌ರೇ) 35 ಮತ್ತು 45 (ಕೆಳದವಡೆಯ ಎಡ, ಬಲ ಎರಡನೇ ಪ್ರೀಮೋಲಾರ್, ಅಂದರೆ ಮುಂದವಡೆ ಹಲ್ಲು) ಹುಟ್ಟೇ ಇಲ್ಲ, ನಾಲ್ಕೂ ಬುದ್ಧಿಹಲ್ಲಿನ ಮೊಗ್ಗೂ ಇಲ್ಲ. 37ರ (ಕೆಳದವಡೆಯ ಎಡ ಎರಡನೇ ಮೋಲಾರ್, ಅಂದರೆ ದವಡೆಹಲ್ಲು) ಬೇರು ಗಿಡ್ಡ, ಕಿರೀಟದಷ್ಟೂ (ಹಲ್ಲಿನ ಮೇಲ್ಭಾಗ) ಉದ್ದವಿಲ್ಲ, ಆದರೆ ತುದಿ ಕಿರಿದಾಗಿದೆ. ಎಡ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ರೇಡಿಯಸ್‌ನ (ಮುಂಗೈಯಲ್ಲಿ ಹೆಬ್ಬೆರಳ ಬದಿಯ ಮೂಳೆ) ಕೆಳತುದಿ ಬಹುಪಾಲು ಕೂಡಿಕೊಂಡಿದೆ.

ಹಲ್ಲು ಎಷ್ಟು ಬೆಳೆದಿದೆ ಅಂತ ಅಂಕ ಕೊಟ್ಟು ವಯಸ್ಸು ಹೇಳುವ ಡೆಮಿರ್ಜಿಯನ್ ಲೆಕ್ಕ ಇಲ್ಲಿ ನಡೆಯುತ್ತದೆಯೇ? ಹಲ್ಲು, ಮೂಳೆ ಬೇರೆ ಬೇರೆ ವಯಸ್ಸು ಹೇಳಿದರೆ ಯಾವುದನ್ನು ನಂಬುವುದು? ಡೌನ್‌ಗೆ ಅಂತ ಇಷ್ಟು ವರ್ಷ ಕೂಡು, ಇಷ್ಟು ಕಳೆ ಎಂಬ ತಿದ್ದುಪಡಿ ಇದೆಯೇ?

ಬೇರುತುದಿ ಉತ್ತರ:

ಮೊದಲು ಒಂದು ಮಾತು. ಬಾಯಲ್ಲಿ ಎಷ್ಟು ಹಲ್ಲು ಬಂದಿದೆ ಅಂತ ಎಣಿಸಿ ವಯಸ್ಸು ಹೇಳುವುದನ್ನು ಈ ಮಕ್ಕಳಲ್ಲಿ ಪೂರ್ತಿ ಬಿಟ್ಟುಬಿಡಿ. ಹಾಲುಹಲ್ಲೇ ತಡ, ಮೊದಲ ಹಲ್ಲು ವರ್ಷ ತುಂಬಿದ ಮೇಲೆ ಬರುವುದು ಸಾಮಾನ್ಯ, ಪೂರ್ತಿ ಸೆಟ್ ಬರುವಾಗ ನಾಲ್ಕೈದು ವರ್ಷ ಆಗಿರುತ್ತದೆ. ಬರುವ ಕ್ರಮವೂ ಏರುಪೇರು. ಶಾಶ್ವತ ಹಲ್ಲಿನದೂ ಅದೇ ಕಥೆ. ಹಲ್ಲು ವಸಡು ಸೀಳಿ ಹೊರಬರುವುದರಲ್ಲಿ ಆಗುವಷ್ಟು ತಡ ದವಡೆಯೊಳಗೆ ಬೇರು ಕಟ್ಟುವುದರಲ್ಲಿ ಆಗುವುದಿಲ್ಲ. ಹಾಗಾಗಿ ನೋಡಬೇಕಾದದ್ದು ಒಪಿಜಿ.

ಡೆಮಿರ್ಜಿಯನ್ 1973ರ ವಿಧಾನಕ್ಕೆ ಕೆಳದವಡೆಯ ಎಡಬದಿಯ ಏಳು ಹಲ್ಲೂ ಬೇಕು. ಒಂದಿಲ್ಲದಿದ್ದರೆ ಬಲಬದಿಯ ಜೋಡಿಯನ್ನು ತೆಗೆದುಕೊಳ್ಳಬಹುದು. ನಿಮ್ಮ ಮಾದರಿಯಲ್ಲಿ ಎರಡೂ ಬದಿ ಇಲ್ಲ. ಆ ಜಾಗಕ್ಕೆ 0 ಹಾಕುವುದು ಎಲ್ಲರೂ ಮಾಡುವ ತಪ್ಪು. ಹುಡುಗರ ಪಟ್ಟಿಯಲ್ಲಿ ಎರಡನೇ ಪ್ರೀಮೋಲಾರ್‌ನ ‘ಎಚ್’ (ಪೂರ್ತಿ ಬೆಳೆದ) ಹಂತಕ್ಕೆ 14.4 ಅಂಕ. ಉಳಿದ ಆರೂ ಹಲ್ಲು ಪೂರ್ತಿ ಬೆಳೆದಿದ್ದರೂ ಮೊತ್ತ 100ರ ಬದಲು 85.6ಕ್ಕೆ ನಿಲ್ಲುತ್ತದೆ, ದೊಡ್ಡ ಹುಡುಗ ಕಾಗದದ ಮೇಲೆ ಪುಟ್ಟ ಮಗುವಾಗುತ್ತಾನೆ. 1976ರ ನಾಲ್ಕು ಹಲ್ಲಿನ ಪಟ್ಟಿಗೆ ಹೋಗೋಣ ಅಂದರೆ ಅದರ ಎರಡು ಗುಂಪಿನಲ್ಲೂ ಇದೇ ಎರಡನೇ ಪ್ರೀಮೋಲಾರ್ ಕೂತಿದೆ! ಡೌನ್ ಇದ್ದವರಲ್ಲಿ ಬುದ್ಧಿಹಲ್ಲು, ಮೇಲಿನ ಪಕ್ಕದ ಬಾಚಿಹಲ್ಲು, ಕೆಳಗಿನ ಎರಡನೇ ಪ್ರೀಮೋಲಾರ್, ಇವೇ ಹೆಚ್ಚಾಗಿ ಹುಟ್ಟದೇ ಇರುವವು. ಅಂದರೆ ವಿಧಾನ ಎಲ್ಲಿ ಗಟ್ಟಿಯಾಗಿರಬೇಕೋ ಅಲ್ಲೇ ಪೊಳ್ಳು.

ದಾರಿ ಎರಡಿದೆ. ಇರುವ ಹಲ್ಲುಗಳಿಂದ ಇಲ್ಲದ ಹಲ್ಲಿನ ಹಂತವನ್ನು ಲೆಕ್ಕ ಹಾಕುವ ಸೂತ್ರಗಳನ್ನು ನೈಸ್ಟ್ರೋಮ್ ತಂಡ 2000ದಲ್ಲಿ ಫಿನ್ಲೆಂಡಿನ ಮಕ್ಕಳಿಗೆ ಕಟ್ಟಿತು, ಅದನ್ನು ಬಳಸುವುದು ಒಂದು. ಒಟ್ಟು ಅಂಕ ಬಿಟ್ಟು ಒಂದೊಂದೇ ಹಲ್ಲಿಗೆ ವಯಸ್ಸು ಕೊಡುವ ಹಾವಿಕ್ಕೊ ಥರದ ಪಟ್ಟಿಗೆ ಹೋಗುವುದು ಇನ್ನೊಂದು. ಇಂಥ ಬಾಯಿಗೆ ನನ್ನ ಆಯ್ಕೆ ಎರಡನೆಯದು. ಯಾವ ಹಲ್ಲು ಏನು ಹೇಳಿತು ಅನ್ನುವುದು ವರದಿಯಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ, ಪಾಟೀಸವಾಲಿಗೆ ಉತ್ತರ ಕೊಡಬಹುದು.

ಇನ್ನು ಆ 37. ಡೆಮಿರ್ಜಿಯನ್ ‘ಇ’ ಹಂತ ಅಂದರೆ ಬೇರಿನ ಉದ್ದ ಕಿರೀಟದ ಎತ್ತರಕ್ಕಿಂತ ಕಡಿಮೆ. ‘ಎಫ್’ ಅಂದರೆ ಸಮ ಅಥವಾ ಹೆಚ್ಚು, ತುದಿ ಆಲಿಕೆಯಂತೆ ಅಗಲ. ‘ಜಿ’ ಅಂದರೆ ನಾಳದ ಗೋಡೆಗಳು ಸಮಾನಾಂತರ, ತುದಿ ಇನ್ನೂ ಸ್ವಲ್ಪ ತೆರೆದಿದೆ. ಡೌನ್ ಇದ್ದವರ ಬೇರು ಬೆಳೆದು ಮುಗಿದರೂ ಗಿಡ್ಡವೇ. ಸ್ಕೇಲ್ ಇಟ್ಟು ಅಳೆದರೆ ‘ಇ’ ಅನ್ನಿಸುತ್ತದೆ, ತುದಿ ನೋಡಿದರೆ ‘ಜಿ’. ತುದಿಯನ್ನೇ ನಂಬಿ. ಮೋಲಾರ್‌ನಲ್ಲಿ ಇನ್ನೊಂದು ಮೋಸ ಇದೆ. ಟೌರೊಡಾಂಟ್ ಹಲ್ಲಾದರೆ ಪಲ್ಪ್ ಕೋಣೆ ಕೆಳಗೆ ಜೋಲುತ್ತದೆ, ಬೇರು ಕವಲೊಡೆಯುವ ಜಾಗ ತುದಿಯ ಹತ್ತಿರ ಇರುತ್ತದೆ. ಕವಲಿನ ಅರ್ಧಚಂದ್ರ ಇನ್ನೂ ಕಾಣಲಿಲ್ಲ ಅಂತ ‘ಡಿ’ ಕೊಟ್ಟುಬಿಡುತ್ತಾರೆ.

‘ಇ’ಗೆ 12.5, ‘ಜಿ’ಗೆ 13.6. ಬರೀ 1.1 ಅಂಕ ಅಂತ ಅನ್ನಬೇಡಿ. 12 ವರ್ಷ ದಾಟಿದ ಮೇಲೆ ಒಟ್ಟು ಅಂಕದಿಂದ ವಯಸ್ಸು ಹೇಳುವ ರೇಖೆ ಚಪ್ಪಟೆಯಾಗುತ್ತದೆ, ಅಲ್ಲಿ ಒಂದು ಅಂಕ ಅಂದರೆ ಹೆಚ್ಚುಕಡಿಮೆ ಒಂದು ವರ್ಷ.

ಕ್ಷಕಿರಣ ಉತ್ತರ:

ಮೂಳೆಯ ಕಡೆಯಿಂದ ಹೇಳುತ್ತೇನೆ. ತಿದ್ದುಪಡಿ ಸಂಖ್ಯೆ ಇಲ್ಲ, ಇರಲೂ ಸಾಧ್ಯವಿಲ್ಲ. ತಪ್ಪು ಒಂದೇ ದಿಕ್ಕಿಗೆ ವಾಲಿದ್ದರೆ ತಿದ್ದಬಹುದಿತ್ತು. ಡೌನ್ ಇರುವ ಮಕ್ಕಳಲ್ಲಿ ಮೊದಲ ಕೆಲವು ವರ್ಷ ಮೂಳೆ ವಯಸ್ಸು ನಿಜ ವಯಸ್ಸಿಗಿಂತ ಹಿಂದೆ ಇರುತ್ತದೆ. ಹರೆಯದ ಹೊತ್ತಿಗೆ ಓಡಿ ಬಂದು ಸಮ ಆಗುತ್ತದೆ, ಆಮೇಲೆ ಮುಂದೆಯೇ ಹೋಗಿ ಮೂಳೆ ಬೆಳೆಯುವ ಜಾಗವಾದ ಗ್ರೋತ್ ಪ್ಲೇಟ್‌ಗಳು ಬೇಗ ಕೂಡಿಬಿಡುತ್ತವೆ. ಅವರ ಎತ್ತರ ಬೇಗ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಹೀಗಾಗಿ ಆರು ವರ್ಷದ ಮಗು ಎಕ್ಸ್‌ರೇಯಲ್ಲಿ ಚಿಕ್ಕದಾಗಿ ಕಾಣುತ್ತದೆ, ಹದಿನಾರರ ಹುಡುಗ ದೊಡ್ಡವನಾಗಿ ಕಾಣುತ್ತಾನೆ. ಸಮಿತಿ ಕೇಳುವುದು 18ರ ಗೆರೆಯ ಬಗ್ಗೆ, ಮೂಳೆ ಹೆಚ್ಚು ಹೇಳುವುದೂ ಅಲ್ಲಿಯೇ.

ರೇಡಿಯಸ್ ಬಹುಪಾಲು ಕೂಡಿದ್ದರೆ ಗ್ರೂಲಿಕ್-ಪೈಲ್ ಅಟ್ಲಾಸ್ (ವಯಸ್ಸುವಾರು ಕೈ ಎಕ್ಸ್‌ರೇ ಚಿತ್ರಗಳ ಪುಸ್ತಕ) ಹುಡುಗರಿಗೆ 17–18 ಅನ್ನುತ್ತದೆ. ಆ ಅಟ್ಲಾಸ್ ಕಟ್ಟಿದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಥಿತಿವಂತ ಬಿಳಿಯರ ಮಕ್ಕಳ ಮೇಲೆ. ನಮ್ಮಲ್ಲಿ ಇಂದಿಗೂ ಉದ್ಧರಿಸುವ ಗಾಲ್ಸ್ಟನ್ ಪಟ್ಟಿ 1937ರದ್ದು, ಬಂಗಾಳದವರ ಮೇಲೆ ಕಟ್ಟಿದ್ದು. ಎರಡೂ ಸಾಮಾನ್ಯ ಬೆಳವಣಿಗೆಯವರ ಲೆಕ್ಕ.

ಒಂದೊಂದು ಮೂಳೆಗೂ ಅಂಕ ಕೊಡುವ ಟ್ಯಾನರ್-ವೈಟ್‌ಹೌಸ್ ವಿಧಾನ ಬಳಸುವವರು ಕಿರುಬೆರಳನ್ನು ನೋಡಿಕೊಳ್ಳಿ. 13 ಮೂಳೆಗಳ ಲೆಕ್ಕದಲ್ಲಿ ಕಿರುಬೆರಳಿನ ನಡುಗೆಣ್ಣಿನ ಮೂಳೆಯೂ ಒಂದು. ಡೌನ್ ಇದ್ದವರಲ್ಲಿ ಅದು ಗಿಡ್ಡ, ಬೆಣೆಯಾಕಾರ, ಬೆರಳು ಒಳಕ್ಕೆ ಬಾಗಿರುತ್ತದೆ. ಅದರ ಎಪಿಫೈಸಿಸ್ (ಮೂಳೆಯ ಬೆಳೆಯುವ ತುದಿ) ಪಟ್ಟಿಯ ಯಾವ ಚಿತ್ರಕ್ಕೂ ಹೊಂದುವುದಿಲ್ಲ. ಬಲವಂತವಾಗಿ ಅಂಕ ಕೊಡುವ ಬದಲು ಅದು ವಿಕೃತವಾಗಿದೆ ಅಂತ ಬರೆದು, ರೇಡಿಯಸ್, ಅಲ್ನಾ, ಹೆಬ್ಬೆರಳು ಮತ್ತು ನಡುಬೆರಳಿನ ಮೂಳೆಗಳು ಏನು ಹೇಳುತ್ತವೆ ಅಂತ ನೋಡಿ. ತೆಗೆಯುವಾಗಲೂ ಅಷ್ಟೇ: ಅಂಗೈ ಕೆಳಗೆ, ಬೆರಳು ಬಿಡಿಸಿ, ಕಿರಣದ ನಡು ನಡುಬೆರಳಿನ ಬುಡದ ಗಿಣ್ಣಿನ ಮೇಲೆ, ಟ್ಯೂಬ್ 76 ಸೆಂ.ಮೀ. ದೂರ. ಬಾಗಿದ ಕಿರುಬೆರಳನ್ನು ಒತ್ತಿ ನೇರ ಮಾಡಲು ಹೋದರೆ ಇಡೀ ಕೈ ತಿರುಗುತ್ತದೆ.

ಗ್ರಂಥಿ ಉತ್ತರ:

ಎಕ್ಸ್‌ರೇ ಓದುವ ಮೊದಲು ಟಿಎಸ್ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ನೋಡಿ. ಡೌನ್ ಇದ್ದವರಲ್ಲಿ ಥೈರಾಯ್ಡ್ ಕೊರತೆ ತುಂಬಾ ಸಾಮಾನ್ಯ, ಮತ್ತು ಅದು ಹಲ್ಲಿಗಿಂತ ಮೂಳೆಯನ್ನು ಹೆಚ್ಚು ಹಿಂದಕ್ಕೆಳೆಯುತ್ತದೆ. ಬಾಲಮಂದಿರದಲ್ಲಿ ವರ್ಷಗಟ್ಟಲೆ ಮಾತ್ರೆ ಸಿಗದೆ ಉಳಿದ ಮಗುವಿನ ಮಣಿಕಟ್ಟು ಬೇರೆ, ದಿನಾ ತೆಗೆದುಕೊಂಡವನದು ಬೇರೆ. ಡೋಸ್ ಅತಿಯಾಗಿದ್ದರೆ ಉಲ್ಟಾ, ಮೂಳೆ ಮುಂದೋಡುತ್ತದೆ. ಸೀಲಿಯಾಕ್ ಕಾಯಿಲೆ, ಹೃದಯದ ತೊಂದರೆ ಇದೆಯೇ ಎಂದೂ ಕೇಳಿ.

ಅಂಗಿ ಬಿಚ್ಚಿಸಿ ಎದೆ ನೋಡಿ. ಎದೆಮೂಳೆಯ ನಡುವೆ ಉದ್ದಕ್ಕೆ ಗಾಯದ ಗುರುತಿದ್ದರೆ ಹೃದಯದ ಆಪರೇಷನ್ ಆಗಿದೆ ಅಂತ ಅರ್ಥ. ಅಂದಮೇಲೆ ಯಾವುದೋ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಈ ಮಗುವಿನ ವಯಸ್ಸು ಬರೆದ ಫೈಲ್ ಇದೆ. ಕ್ರೋಮೋಸೋಮ್ ಪರೀಕ್ಷೆಯ ವರದಿಯೂ ಹಾಗೆಯೇ. ಅದನ್ನು ಹೆಚ್ಚಾಗಿ ಹುಟ್ಟಿದ ಕೆಲವೇ ತಿಂಗಳಲ್ಲಿ ಮಾಡಿಸಿರುತ್ತಾರೆ, ಮೇಲ್ಗಡೆ ದಿನಾಂಕ ಇರುತ್ತದೆ. ಹದಿನೈದು ವರ್ಷದ ಹಿಂದಿನ ಒಂದು ಲ್ಯಾಬ್ ಕಾಗದ ಹತ್ತು ಎಕ್ಸ್‌ರೇಗಿಂತ ಮೇಲು.

ದಂತಪಂಕ್ತಿ:

ಎಲ್ಲರಿಗೂ ಧನ್ಯವಾದ. 37ರ ತುದಿಯನ್ನು ಮತ್ತೆ ನೋಡಿದರೆ ‘ಜಿ’ಯೇ ಸರಿ. ಇನ್ನೆರಡು ಅನುಮಾನ. ಒಪಿಜಿಗೆ ಮಗು ಅಲುಗಾಡದೆ ನಿಲ್ಲದಿದ್ದರೆ ಏನು ಮಾಡುವುದು? ಬುದ್ಧಿಹಲ್ಲು ಇಲ್ಲದ ಮೇಲೆ 18 ತುಂಬಿದೆಯೇ ಅಂತ ತಿಳಿಯಲು ಕೊರಳೆಲುಬಿನ (ಕ್ಲಾವಿಕಲ್) ಸಿಟಿ ಮಾಡಿಸಬೇಕೇ?

ಬೇರುತುದಿ:

ಒಪಿಜಿ ಯಂತ್ರ ಒಂದು ಸುತ್ತು ಬರಲು ಹದಿನೈದು ಸೆಕೆಂಡಿನ ಆಚೀಚೆ ಹಿಡಿಯುತ್ತದೆ. ಕಿರಣ ಹಾಕದೆ ಎರಡು ಮೂರು ಸಲ ಖಾಲಿ ಸುತ್ತಿಸಿ ತೋರಿಸಿ, ಶಬ್ದ ಅಭ್ಯಾಸವಾಗಲಿ. ಆಗುವುದಾದರೆ ಕೂರಿಸಿಯೇ ತೆಗೆಯಿರಿ. ನಾಲಿಗೆ ದೊಡ್ಡದು, ಬಾಯಿ ಸ್ವಲ್ಪ ತೆರೆದೇ ಇರುತ್ತದೆ, ನಾಲಿಗೆ ಅಂಗುಳಕ್ಕೆ ಅಂಟದಿದ್ದರೆ ಮೇಲಿನ ಬೇರುಗಳ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ನಮಗೆ ಬೇಕಾದದ್ದು ಕೆಳದವಡೆ, ಹಾಗಾಗಿ ಅದಕ್ಕೆ ಮತ್ತೆ ತೆಗೆಯುವುದು ಬೇಡ. ಕತ್ತನ್ನು ಮಾತ್ರ ಕೈಯಿಂದ ಹಿಡಿದು ಬಗ್ಗಿಸಬೇಡಿ. ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವೆ ಸಡಿಲ ಇರುವವರು ಇವರಲ್ಲಿ ಇರುತ್ತಾರೆ, ಅದು ಹೊರಗೆ ಗೊತ್ತಾಗುವುದಿಲ್ಲ. ಏನೂ ಆಗದಿದ್ದರೆ 37ರದೊಂದು ಸಣ್ಣ ಐಒಪಿಎ (ಬಾಯೊಳಗೆ ಫಿಲ್ಮ್ ಇಟ್ಟು ತೆಗೆಯುವ ಎಕ್ಸ್‌ರೇ) ಸಾಕು, ತುದಿ ಒಪಿಜಿಗಿಂತ ಚೆನ್ನಾಗಿಯೇ ಕಾಣುತ್ತದೆ.

ಬುದ್ಧಿಹಲ್ಲಿನ ವಿಷಯ. ಧಾರವಾಡದಲ್ಲಿ ಆಶಿತ್ ಆಚಾರ್ಯ ಅವರು 2011ರಲ್ಲಿ ಭಾರತೀಯರಿಗೆ ಕೊಟ್ಟ ಎಂಟು ಹಲ್ಲಿನ ಸೂತ್ರಕ್ಕೂ, ಕ್ಯಾಮೆರಿಯೆರೆ ಅವರ 0.08ರ ಗೆರೆಗೂ (ಬುದ್ಧಿಹಲ್ಲಿನ ತೆರೆದ ತುದಿಯ ಅಗಲವನ್ನು ಹಲ್ಲಿನ ಉದ್ದಕ್ಕೆ ಹೋಲಿಸುವ ಅಳತೆ) ಬುದ್ಧಿಹಲ್ಲು ಇರಲೇಬೇಕು. ಇಲ್ಲ ಅಂದರೆ ಆ ಬಾಗಿಲು ಮುಚ್ಚಿತು, ಅಷ್ಟೇ. ಹುಟ್ಟೇ ಇಲ್ಲದ ಬುದ್ಧಿಹಲ್ಲನ್ನು ‘ಇನ್ನೂ ಬಂದಿಲ್ಲ’ ಅಂತ ಬರೆದು 18ರ ಒಳಗೆ ಅನ್ನುವುದು ಘೋರ ತಪ್ಪು.

ಕ್ಷಕಿರಣ:

ಸಿಟಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೈ ಎಕ್ಸ್‌ರೇಯ ವಿಕಿರಣ 0.1 ಮೈಕ್ರೊಸೀವರ್ಟ್ ಆಸುಪಾಸು, ಒಪಿಜಿ 26, ಕೊರಳೆಲುಬಿನ ಸಿಟಿ 600. ಮಗು ಅಲುಗಾಡುತ್ತದೆ ಅಂತ ಮತ್ತು ಬರುವ ಔಷಧಿ ಕೊಡಬೇಕಾಗುತ್ತದೆ. ಕಿರಿದಾದ ಶ್ವಾಸನಾಳ, ದೊಡ್ಡ ನಾಲಿಗೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಬರೀ ವಯಸ್ಸು ತಿಳಿಯಲು ಅಂಥ ಔಷಧಿ ಕೊಡುವುದು ಸರಿಯಲ್ಲ. ಇಷ್ಟೆಲ್ಲ ಮಾಡಿ ಸಿಗುವ ಹಂತವನ್ನು ಹೋಲಿಸಬೇಕಾದದ್ದು ಮತ್ತದೇ ಸಾಮಾನ್ಯ ಬೆಳವಣಿಗೆಯವರ ಪಟ್ಟಿಗೆ.

ಒಸಡಂಚು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ವಯಸ್ಕರ ಕೇಸ್, ಗುರುತು ಸಿಗದ ಶವ ಬಂದರೆ ಲೆಕ್ಕ ಇನ್ನೂ ಜಾರುತ್ತದೆ. ಲಾಮೆಂಡಿನ್ ಸೂತ್ರ ನೋಡಿ: ವಯಸ್ಸು = 0.18 × ವಸಡು ಇಳಿದ ಪ್ರಮಾಣ + 0.42 × ಬೇರಿನ ಪಾರದರ್ಶಕ ಭಾಗ + 25.53, ಎರಡೂ ಬೇರಿನ ಉದ್ದದ ಶೇಕಡಾವಾರು. ಬೇರು 14 ಮಿ.ಮೀ., ವಸಡು 2 ಮಿ.ಮೀ. ಇಳಿದಿದ್ದರೆ ಮೊದಲ ಪದದಿಂದ ಸೇರುವುದು ಎರಡೂವರೆ ವರ್ಷ. ಡೌನ್ ಇದ್ದವರ ಕೆಳಬಾಚಿಹಲ್ಲಿನ ಬೇರು 12 ಮಿ.ಮೀ., ವಸಡು 6 ಮಿ.ಮೀ. ಇಳಿದಿದೆ ಅನ್ನಿ: ಸೀದಾ 9 ವರ್ಷ. ಅವರಿಗೆ ವಸಡಿನ ಕಾಯಿಲೆ ಹರೆಯದಲ್ಲೇ ಮುಂದಿನ ಹಲ್ಲುಗಳಿಂದ ಶುರುವಾಗುತ್ತದೆ, ಅದು ವಯಸ್ಸಿನ ಗುರುತಲ್ಲ. ವಯಸ್ಕರ ಹಲ್ಲಿನ ಬದಲಾವಣೆಗೆ ಅಂಕ ಕೊಡುವ ಗುಸ್ತಾಫ್ಸನ್‌ನ ಆರು ಅಂಶಗಳಲ್ಲೂ ವಸಡು, ಸವೆತ ಎರಡೂ ಹೀಗೇ ಕೆಡುತ್ತವೆ, ಹಲ್ಲು ಕಡಿಯುವ ಅಭ್ಯಾಸ ಇರುವವರಲ್ಲಿ ಸವೆತಕ್ಕೆ ಏನು ಬೆಲೆ? ಡಿಎನ್ಎ ಮೆಥಿಲೇಷನ್ ಗಡಿಯಾರ (ಡಿಎನ್ಎ ಮೇಲಿನ ರಾಸಾಯನಿಕ ಗುರುತುಗಳಿಂದ ವಯಸ್ಸು ಹೇಳುವ ಲೆಕ್ಕ) ಉಳಿಸುತ್ತದೆ ಅಂದುಕೊಂಡರೆ, 2015ರಲ್ಲಿ ಹೋರ್ವತ್ ತಂಡ ತೋರಿಸಿದಂತೆ ಅದೂ ಇವರಲ್ಲಿ ಸರಾಸರಿ 6.6 ವರ್ಷ ಮುಂದೆ.

ಕಲಂ94 ಉತ್ತರ:

ವರದಿಯ ಒಕ್ಕಣೆಗೆ ಬರೋಣ. ಬಾಲನ್ಯಾಯ ಕಾಯ್ದೆ 2015ರ ಕಲಂ 94ರಲ್ಲಿ ಸರದಿ ಇದೆ: ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ, ಪಂಚಾಯಿತಿಯ ಜನನ ಪತ್ರ, ಯಾವುದೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಆದೇಶವಾದ 15 ದಿನದೊಳಗೆ ಅದು ಮುಗಿಯಬೇಕು. ಹೃದಯದ ಆಪರೇಷನ್ ಫೈಲ್, ಅಂಗನವಾಡಿ ದಾಖಲೆ ಈ ಪಟ್ಟಿಯಲ್ಲಿಲ್ಲ ನಿಜ, ಆದರೆ ಅವು ಇವೆ ಅಂತ ವರದಿಯಲ್ಲಿ ಬರೆದರೆ ಸಮಿತಿ ತರಿಸಿಕೊಳ್ಳಬಹುದು. ಅದೇ ಕಲಂ ಮುಖನೋಟದಿಂದಲೇ ಮಗು ಎಂದು ದಾಖಲಿಸಲು ಸಮಿತಿಗೆ ಅಧಿಕಾರ ಕೊಡುತ್ತದೆ. 143 ಸೆಂ.ಮೀ. ನೋಡಿ ಯಾರಾದರೂ ಆ ದಾರಿ ಹಿಡಿಯಬಹುದು, ಈ ಎತ್ತರ ವಯಸ್ಸಿಗೆ ಸಾಕ್ಷಿಯಲ್ಲ ಅಂತ ಮೊದಲೇ ಬರೆಯಿರಿ.

‘ಮಾನಸಿಕ ವಯಸ್ಸು ಇಷ್ಟು’ ಎಂಬ ಸಾಲು ಈ ವರದಿಗೆ ಬೇಡ. ಪೋಕ್ಸೊದಲ್ಲಿ ಮಗು ಅಂದರೆ ಹುಟ್ಟಿದ ದಿನದಿಂದ ಎಣಿಸಿದ ವಯಸ್ಸೇ ಹೊರತು ಮಾನಸಿಕ ವಯಸ್ಸಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಎರಡನ್ನೂ ಬೆರೆಸಿದ ವರದಿ ಎರಡೂ ಕಡೆಯ ವಕೀಲರಿಗೆ ಹಬ್ಬ.

ಮೂಳೆ ಪರೀಕ್ಷೆಗೆ ಆಚೀಚೆ ಎರಡು ವರ್ಷದ ಅಂತರ ಇಟ್ಟುಕೊಳ್ಳಬೇಕೆಂದು 1982ರ ಜಯಮಾಲಾ ತೀರ್ಪಿನಿಂದ ಹೇಳುತ್ತ ಬಂದಿದ್ದೇವೆ. ಅದು ಸಾಮಾನ್ಯ ಮಕ್ಕಳಿಗೆ. ಇಲ್ಲಿ ಆ ಎರಡು ವರ್ಷವನ್ನು ಯಾಂತ್ರಿಕವಾಗಿ ಅಂಟಿಸಬೇಡಿ, 18ರ ಹತ್ತಿರ ಮೂಳೆ ವಯಸ್ಸನ್ನು ಹೆಚ್ಚಾಗಿಯೇ ತೋರಿಸುತ್ತದೆ ಅಂತ ಕ್ಷಕಿರಣ ಅವರು ಹೇಳಿದ್ದಾರೆ.

ನಿಮ್ಮ ಮಾದರಿಗೆ ನಾನು ಬರೆಯುವುದು ಹೀಗೆ: “ಟ್ರೈಸೋಮಿ 21ರ (ಡೌನ್ ಸಿಂಡ್ರೋಮ್) ಲಕ್ಷಣಗಳಿವೆ. ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ಲಗತ್ತಿಸಿದೆ. 37ರ ಬೇರಿನ ತುದಿ ಪೂರ್ತಿ ಮುಚ್ಚಿಲ್ಲ. ಸಾಮಾನ್ಯ ಮಕ್ಕಳಲ್ಲಿ ಇದು 14–16ರೊಳಗೆ ಮುಚ್ಚುತ್ತದೆ, ಈ ಸ್ಥಿತಿಯಲ್ಲಿ ತಡವಾಗಬಹುದು. 35, 45 ಮತ್ತು ಬುದ್ಧಿಹಲ್ಲುಗಳು ಹುಟ್ಟಿಲ್ಲ, ಅವುಗಳಿಂದ ವಯಸ್ಸು ಹೇಳಲಾಗದು. ಮಣಿಕಟ್ಟು 17–18 ತೋರಿಸಿದರೂ ಈ ಸ್ಥಿತಿಯಲ್ಲಿ ಮೂಳೆ ಬೇಗ ಕೂಡುವುದರಿಂದ ಅದನ್ನು 18 ತುಂಬಿದ್ದಕ್ಕೆ ಆಧಾರವಾಗಿ ಬಳಸಿಲ್ಲ. ವಯಸ್ಸು 14ರಿಂದ 17ರ ನಡುವೆ ಇರುವ ಸಾಧ್ಯತೆ ಹೆಚ್ಚು. 18 ದಾಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ದಾಟಿದೆ ಎನ್ನಲು ಆಧಾರವಿಲ್ಲ.”

ಕೊನೆಯ ಎರಡು ಮಾತೂ ಇರಲಿ. ಒಂದನ್ನು ಹೊಡೆದುಹಾಕಿ ಸಹಿ ಮಾಡಿ ಅಂತ ಒತ್ತಾಯ ಬರುತ್ತದೆ.

ದಂತಪಂಕ್ತಿ:

ಮೊದಲು ಟಿಎಸ್ಎಚ್, ಆಮೇಲೆ 37ರ ಐಒಪಿಎ. ಎದೆಯ ಗುರುತಿನ ಕಾಲಂ ನಮ್ಮ ಫಾರಂನಲ್ಲೇ ಇಲ್ಲ, ಇವತ್ತೇ ಸೇರಿಸುತ್ತೇನೆ.