‘ಫಾಲ್ಟ್’ಗೆ ಬಿರುಕು ಅಂದ್ರೆ ಸಾಕಾ?

ಎಲ್ರಿಗೂ ದುರ್ಗದಿಂದ ನಮಸ್ಕಾರ. ಹಿಮಾಲಯ ಹೆಂಗೆ ಎದ್ದಿತು, ಅಲ್ಲಿ ಯಾಕೆ ಅಷ್ಟು ಭೂಕಂಪ ಆಗ್ತವೆ ಅಂತ ಹೈಸ್ಕೂಲ್ ಹುಡುಗ್ರಿಗೆ ಒಂದು ಬರಹ ಬರೀತಿದೀನಿ, ‘ಫಾಲ್ಟ್’ (ನೆಲದೊಳಗೆ ಬಂಡೆ ಸೀಳಿ ಒಂದು ಕಡೆ ಇನ್ನೊಂದರ ಪಕ್ಕ ಜರುಗಿರೋ ಜಾಗ) ಅನ್ನೋ ಪದದ ಹತ್ರ ಬಂದು ಸಿಕ್ಕಾಕೊಂಡಿದೀನಿ. ಪೇಪರ್‌ನೋರು ‘ಬಿರುಕು’ ಅಂತ ಹಾಕ್ತಾರೆ, ಪಠ್ಯಪುಸ್ತಕದಲ್ಲಿ ‘ಸ್ತರಭಂಗ’ ಐತೆ. ಎರಡೂ ನಂಗೆ ಒಗ್ತಿಲ್ಲ.

ಬಿರುಕು ಅಂದ್ರೆ ಬೇಸಿಗೇಲಿ ಎರೆಹೊಲ ಬಾಯಿ ಬಿಟ್ಟಂಗೆ, ನಡುವೆ ಸಂದು ಇರ್ಬೇಕು. ಫಾಲ್ಟಲ್ಲಿ ಸಂದು ಮುಖ್ಯ ಅಲ್ಲ, ಆ ಕಡೆ ಬಂಡೆ ಈ ಕಡೆ ಬಂಡೆ ಉಜ್ಕೊಂಡು ಜರುಗೋದು ಮುಖ್ಯ. 2015ರ ಏಪ್ರಿಲ್ 25ರ ನೇಪಾಳದ 7.8ರ ಭೂಕಂಪನೇ ತಗೊಳ್ಳಿ, ಒಳಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಜಾರ್ತು, ಕಠ್ಮಂಡು ಸುತ್ತ ನೆಲ ಸುಮಾರು ಒಂದು ಮೀಟರ್ ಮೇಲೆದ್ದಿತು, ಆದ್ರೆ ಆ ಜಾರಿಕೆ ನೆಲದ ಮೇಲಕ್ಕೆ ಬರ್ಲೇ ಇಲ್ಲ. ಬಿರುಕು ಎಲ್ಲೈತೆ ತೋರ್ಸಿ ಅಂದ್ರೆ ಹುಡುಗ್ರಿಗೆ ಏನ್ ತೋರ್ಸೋದು?

ಒಳಗಿನ ಜಾರಿಕೆ ಗೊತ್ತಾಗೋದು ಹೆಚ್ಚಾಗಿ ಕಂಪನದ ಅಲೆಗಳಿಂದ. ಪಿ ಅಲೆ ಮೊದ್ಲು ಬರ್ತೈತೆ, ಎಸ್ ಅಲೆ ಹಿಂದೆ, ಎರಡರ ನಡುವಿನ ಹೊತ್ತು ನೋಡಿ ದೂರ ಲೆಕ್ಕ ಹಾಕ್ತಾರೆ, ಹಿಂಗೆ ಹತ್ತಾರು ಸ್ಟೇಷನ್‌ಗಳ ಲೆಕ್ಕ ಸೇರಿಸಿ ಸಣ್ಣಪುಟ್ಟ ಕಂಪನಗಳ ಜಾಗ ಗುರುತು ಮಾಡ್ತಾ ಹೋದ್ರೆ ಹಿಮಾಲಯದ ಅಡಿ ಉತ್ತರಕ್ಕೆ ಮೆಲ್ಲಗೆ ಇಳಿಯೋ ಒಂದು ಜಾರುಮೈ ಕಾಣ್ತೈತೆ. ಭಾರತದ ಫಲಕ (ನಮ್ಮ ದೇಶ ಕೂತಿರೋ ಭೂಮಿಯ ದೊಡ್ಡ ಕಲ್ಲಿನ ತುಂಡು) ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಲೆಕ್ಕದಲ್ಲಿ ಅದರ ಕೆಳಗೆ ನೂಕ್ತಾ ಇರ್ತೈತೆ, ಆ ಜಾರುಮೈಯ ಮೇಲಿನ ಭಾಗ ಕಚ್ಕೊಂಡಿರ್ತೈತೆ, ಕಳಚ್ಕೊಂಡಾಗ ಭೂಕಂಪ.

‘ಸ್ತರಭಂಗ’ದ ಮೇಲೆ ನನ್ನ ತಕರಾರು ಬೇರೆ. ಸ್ತರ ಅಂದ್ರೆ ಪದರ, ನಮ್ ಕೋಟೆ ಬೆಟ್ಟದ ಗ್ರಾನೈಟಲ್ಲಿ ಪದರ ಎಲ್ಲೈತೆ? ಫಾಲ್ಟ್ ಅಂಥ ಕಲ್ಲಲ್ಲೂ ಆಗ್ತೈತೆ.

ಇನ್ನೊಂದು ಫಜೀತಿ, ‘ಚಿತ್ರದುರ್ಗ ಷಿಯರ್ ಝೋನ್’ (ಬಂಡೆಗಳು ಒತ್ತಡಕ್ಕೆ ಸಿಕ್ಕಿ ಉಜ್ಜಿ ಎಳೆದಾಡಿರೋ ಪಟ್ಟಿ) ಅಂತಾನೇ ಒಂದೈತೆ, ನಮ್ಮ ಶಿಸ್ಟ್ ಪಟ್ಟಿಯ (ಪದರ ಪದರವಾದ ಹಳೇ ಕಲ್ಲಿನ ಉದ್ದನೆ ಪಟ್ಟಿ) ಪೂರ್ವದ ಅಂಚಲ್ಲಿ. ಷಿಯರ್ ಝೋನ್ ಕೋಟ್ಯಂತರ ವರ್ಷದ ಹಿಂದಿನ ಸಮಾಚಾರ, ಅದನ್ನ ‘ದುರ್ಗದ ಬಿರುಕು’ ಅಂತ ಬರೆದ್ರೆ ವಾಟ್ಸಾಪಲ್ಲಿ ಏನೇನ್ ಹಬ್ಬುತ್ತೋ ದೇವ್ರೇ ಬಲ್ಲ.

ಫಾಲ್ಟಿಗೆ ‘ಜಾರುಸೀಳು’ ಅಂದ್ರೆ ಹೆಂಗೆ? ಹಿಮಾಲಯದ ಥರ ಒಂದು ಬಂಡೆ ಇನ್ನೊಂದರ ಮೇಲೆ ಹತ್ತೋದಕ್ಕೆ ‘ಏರುಸೀಳು’ ಅನ್ಬಹುದಾ? ಕ್ವಾರಿ ಕೆಲಸದೋರು, ಬೋರ್ ಕೊರೆಯೋರು ಕಲ್ಲು ಜರುಗಿರೋ ಗೆರೆಗೆ ಬೇರೆ ಏನಾದ್ರೂ ಅಂತಾರಾ? ಗೊತ್ತಿದ್ರೆ ಯಾವ ಕಡೆ ಮಾತು ಅನ್ನೋದನ್ನೂ ಸೇರಿಸಿ ಬರೀರಿ.