ಅಪ್‌ಡೇಟ್: ಯಾವಾಗಲೂ 0 ತೋರಿಸುತ್ತಿದ್ದ ಗ್ಯಾಸ್ ಮೀಟರ್

ಹೋದ ತಿಂಗಳು ಕೇಳಿದ್ದೆ: ಬಳ್ಳಾರಿ ಹತ್ತಿರ ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕೆಲಸ, ನನ್ನ ಕಾರ್ಬನ್ ಮೊನಾಕ್ಸೈಡ್ ಮೀಟರ್ ವಾರಗಟ್ಟಲೆ 0 ಬಿಟ್ಟು ಬೇರೇನೂ ತೋರಿಸುತ್ತಿಲ್ಲ, ಗಾಳಿ ಚೆನ್ನಾಗಿದೆ ಅಂತ ನಂಬಬಹುದಾ ಅಂತ. "ಮೊದಲು ಬಂಪ್ ಟೆಸ್ಟ್ ಮಾಡಿಸಪ್ಪಾ" ಅಂದ ಅಣ್ಣನಿಗೆ ಕೈಮುಗಿಯುತ್ತೇನೆ.

ಮಾಡಿಸಿದೆವು, ಅಂದರೆ ಗೊತ್ತಿರುವಷ್ಟು ಗ್ಯಾಸ್ ಬಿಟ್ಟು ಮೀಟರ್ ಸರಿಯಾಗಿ ತೋರಿಸುತ್ತಾ ಅಂತ ನೋಡಿದೆವು. ಸಿಲಿಂಡರ್‌ನಿಂದ 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಗ್ಯಾಸ್ ಬಿಟ್ಟರೂ ಮೀಟರ್ 6ಕ್ಕೇ ನಿಂತಿತು, ಅಲಾರಂ ಕೂಗಲೇ ಇಲ್ಲ. ಸೆನ್ಸರ್ ಹೋಗಿದೆ ಅಂದುಕೊಂಡೆವು. ಬಿಚ್ಚಿ ನೋಡಿದರೆ ಮುಂದಿನ ಫಿಲ್ಟರ್ ಮೇಲೆ ಕೆಂಪು ಅದಿರಿನ ದೂಳು ಬೆವರಿಗೆ ಕಲಸಿ ಗಾರೆ ಹಾಗೆ ಮೆತ್ತಿಕೊಂಡಿತ್ತು. ಗಾಳಿಯೇ ಒಳಗೆ ಹೋಗದಿದ್ದರೆ ಅದು ಅಳೆಯುವುದಾದರೂ ಏನನ್ನು? ಹೊಸ ಫಿಲ್ಟರ್ ಹಾಕಿ ಕ್ಯಾಲಿಬ್ರೇಟ್ ಮಾಡಿದ (ಅಳತೆ ಸರಿಹೊಂದಿಸಿದ) ಮೇಲೆ 98 ತೋರಿಸಿತು. ಬಣ್ಣ ಇಲ್ಲದ, ವಾಸನೆ ಇಲ್ಲದ ವಿಷದ ಗ್ಯಾಸ್ ಇದು. ಆ ವಾರಗಳಲ್ಲಿ ಗ್ಯಾಸ್ ಹೋಗುವ ಕೊಳವೆ (ಡಕ್ಟ್) ಪಕ್ಕ ಎಷ್ಟು ಸಲ ನಿಂತಿದ್ದೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತೆ.

ಈಗ ಪ್ರತಿ ಶಿಫ್ಟ್‌ಗೂ ಮುಂಚೆ ಬಂಪ್ ಟೆಸ್ಟ್. ಸೊನ್ನೆ ಹೊಂದಿಸುವುದು ಗೇಟಿನ ಹೊರಗಿನ ಬಯಲಲ್ಲೇ. ಗ್ಯಾಸ್ ಇರುವ ಕಡೆ ಸೊನ್ನೆ ಮಾಡಿದರೆ ಆಮೇಲೆ ಎಲ್ಲವನ್ನೂ ಕಡಿಮೆಯೇ ತೋರಿಸುತ್ತೆ. ಒರೆಸುವುದು ಬರೀ ಒದ್ದೆ ಬಟ್ಟೆಯಲ್ಲಿ, ಸ್ಪಿರಿಟ್ ಆವಿಗೂ ಈ ಸೆನ್ಸರ್ ಸುಳ್ಳು ಅಂಕಿ ತೋರಿಸಬಹುದು. ಪ್ಯಾಂಟ್ ಜೇಬಲ್ಲಿ ಇಡುತ್ತಿದ್ದವನು ಈಗ ಕಾಲರ್ ಹತ್ತಿರ, ಉಸಿರಾಡುವ ಕಡೆ ಸಿಕ್ಕಿಸಿಕೊಳ್ಳುತ್ತೇನೆ.

ಉಳಿದ 4 ಮೀಟರ್‌ಗಳಿಗೆ ಫಿಲ್ಟರ್ ಇನ್ನೂ ಬಂದಿಲ್ಲ. ಬರುವವರೆಗೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ, ಯಾರ ಕೈಗೂ ಕೊಡುತ್ತಿಲ್ಲ.